ಬರೆಯುವವರು ಕೂಡಿಸಬೇಕು

ಆಸ್ಪತ್ರೆಯವರು ಕೊಟ್ಟ ಹಸಿರು ಹಾಳೆಗೆ ಎರಡು ಪುಟ. ಮೊದಲನೆಯದು ಕಾಯಿಲೆಯವರಿಗೆ, ಎರಡನೆಯದು ಮನೆಯವರಿಗೆ. ಮೊದಲ ಪುಟದಲ್ಲಿ ನೋವು, ವಾಕರಿಕೆ, ನಿದ್ದೆ, ಹಸಿವು, ಉಸಿರು ಎಂದು ಐದು ಸಾಲು. ಒಂದೊಂದರ ಮುಂದೆಯೂ ಸೊನ್ನೆಯಿಂದ ಹತ್ತರವರೆಗೆ ಅಂಕಿ. ಎರಡನೆಯ ಪುಟದಲ್ಲಿ, ನರ್ಸು ಹೇಳಿದ ಹೊತ್ತಿಗೆ ಬಂದರೇ, ಕೇಳಿದ್ದಕ್ಕೆ ತಿಳಿಯುವ ಹಾಗೆ ಉತ್ತರ ಕೊಟ್ಟರೇ ಎಂಬಂಥ ಪ್ರಶ್ನೆಗಳು. ಕೊನೆಯಲ್ಲಿ ಒಂದು ಚೌಕ: ಒಟ್ಟಾರೆ ಆರೈಕೆಗೆ ಹತ್ತರಲ್ಲಿ ಎಷ್ಟು? ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೂ ಏನೋ ಅಚ್ಚಾಗಿತ್ತು. ಅದನ್ನು ಯಾರೂ ಓದಲಿಲ್ಲ.

ಹಾಗೆ ನೋಡಿದರೆ ಆ ಮನೆಯಲ್ಲಿ ಅಂಕಿಗೆ ಹೆದರುವವರು ಯಾರೂ ಇರಲಿಲ್ಲ. ಟೈಲರಮ್ಮ ನಲವತ್ತಾರು ವರ್ಷ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬದುಕಿದವರು. ಅವರು ಅಳತೆ ತೆಗೆದು ಕೂಗಿದರೆ, ಬರೆದುಕೊಂಡು ಬಟ್ಟೆ ಕತ್ತರಿಸುತ್ತಿದ್ದವರು ಅವರ ಗಂಡ, ಬೀದಿಗೆಲ್ಲ ಕತ್ತರಿ ಮಾಸ್ತರು. ಮಗ ಸಿಟಿ ಬಸ್ಸಿನ ಡ್ರೈವರು. ಸೊಸೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣದ ತೂಕ ನೋಡುವವಳು. ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳು ಶಾಲೆಯ ಟೀಚರು. ಭಾನುವಾರ ಬಂದು, ವಾರವಿಡೀ ನಡೆದ ತಪ್ಪುಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ತಿದ್ದಿ ಹೋಗುವವಳು.

ನರ್ಸು ಮಂಗಳವಾರ, ಶುಕ್ರವಾರ ಬರುತ್ತಿದ್ದಳು. ಟೈಲರಮ್ಮನ ಹೊಟ್ಟೆಯ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಎಂದು ಡಾಕ್ಟರು ಹೇಳಿದ ಮೇಲೆ ಈ ಮನೆಗೆ ನೇಮಕವಾದವಳು. ಮೂವತ್ತರ ಆಸುಪಾಸು, ಚಪ್ಪಲಿ ಬಿಡುವಾಗಲೇ ಮಾತು ಶುರು ಮಾಡುವ ಹೆಣ್ಣು.

"ಅಮ್ಮಾ, ನೋವು ಎಷ್ಟಿದೆ ಹೇಳಿ. ಸೊನ್ನೆ ಅಂದ್ರೆ ಇಲ್ಲವೇ ಇಲ್ಲ. ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗಲ್ಲ."

ಟೈಲರಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. "ನಿನ್ನ ಈ ಅಂಗಿ ಹೊಲಿದಿದ್ದು ಯಾರು ಮಗಾ?"

"ಆಸ್ಪತ್ರೆಯವರೇ ಕೊಡ್ತಾರೆ. ನೋವು ಎಷ್ಟು?"

"ಭುಜ ಒಂದಿಂಚು ಇಳಿದಿದೆ. ಹೊಲಿದವನಿಗೆ ನಾಚಿಕೆ ಆಗಬೇಕು. ಎರಡು."

"ಎರಡು ಅಂದಿದ್ದು ನೋವಾ, ಭುಜಾನಾ?"

"ನೋವು."

ನರ್ಸು ನಗುತ್ತ ಎರಡಕ್ಕೆ ಸುತ್ತು ಹಾಕಿದಳು. ಮುಂದಿನ ಕೋಣೆಯಲ್ಲಿ, ಒಂದು ಕಾಲದ ಅಂಗಡಿಯಲ್ಲಿ, ಕತ್ತರಿಸುವ ಮೇಜಿನ ಮುಂದೆ ಕೂತಿದ್ದ ಮಾಸ್ತರು ಅದನ್ನು ಕೇಳಿ ಏನೋ ಗೊಣಗಿಕೊಂಡರು. ಆಮೇಲೆ ಪಕ್ಕದ ಮನೆಯವರ ಪ್ಯಾಂಟಿನ ಮಡಿಕೆ ಬಿಚ್ಚುವುದಕ್ಕೆ ತೊಡಗಿದರು.

ಎರಡನೆಯ ಪುಟವನ್ನು ಮಗ ತುಂಬಿದ. ಬಸ್ಸಿನಿಂದ ಇಳಿದು ಬಂದವನು ಊಟದ ತಟ್ಟೆಯ ಪಕ್ಕದಲ್ಲೇ ಹಾಳೆ ಇಟ್ಟುಕೊಂಡು ಎಲ್ಲದಕ್ಕೂ ಹತ್ತು ಹತ್ತು ಎಂದು ಬರೆದ.

"ಓದಿ ಬರೀರಿ," ಎಂದಳು ಹೆಂಡತಿ.

"ಓದೋದೇನು? ಆ ಹುಡುಗಿ ನಮ್ಮಮ್ಮನ ತಲೆ ಬಾಚಿ ಹೋಗ್ತಾಳೆ. ನಾನು ಬಾಚಿದೀನಾ? ನೀನು ಬಾಚಿದೀಯಾ?"

"ನಾನು ಬಾಚೋಕೆ ಹೋದ್ರೆ ನಿಮ್ಮಮ್ಮ ಬಿಡಲ್ಲ. ನನ್ನ ಕೈ ಬಿಸ್ಕತ್ತು ವಾಸನೆ ಅಂತೆ."

ಮೂರು ವಾರ ಹೀಗೇ ನಡೆಯಿತು. ನೋವು ಎರಡು, ಎರಡು, ಮೂರು, ಎರಡು. ಆರೈಕೆ ಹತ್ತು. ನಾಲ್ಕನೆಯ ವಾರ ನರ್ಸು ಹೊರಡುವಾಗ ಬಾಗಿಲಲ್ಲಿ ನಿಂತು ಚೀಲದ ಪಟ್ಟಿ ತಿರುಚತೊಡಗಿದಳು.

"ಅಕ್ಕಾ, ಬರೋ ವಾರದಿಂದ ನಾನು ಮಂಗಳವಾರ ಮಾತ್ರ ಬರೋದು."

"ಯಾಕೆ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಎಂದಳು ಸೊಸೆ.

"ತಪ್ಪಲ್ಲ. ನೋವಿನ ನಂಬರು ಮೂರು ವಾರ ನಾಲ್ಕಕ್ಕಿಂತ ಕೆಳಗಿದ್ರೆ ಆ ಮನೆಗೆ ವಾರಕ್ಕೆ ಒಂದೇ ಸಲ. ಜಾಸ್ತಿ ಇರೋ ಮನೆಗೆ ನನ್ನನ್ನ ಹಾಕ್ತಾರೆ. ಹಾಳೆ ಕೆಳಗೆ ಬರೆದಿದೆಯಲ್ಲ."

ಸೊಸೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಇರುವೆ ಸಾಲು ಅದನ್ನೇ ಹೇಳುತ್ತಿತ್ತು.

*

ಭಾನುವಾರ ಊಟಕ್ಕೆ ಕೂತಾಗ ಮಗಳು ಅನ್ನಕ್ಕೆ ಸಾರು ಬಡಿಸಿಕೊಳ್ಳುವ ಮೊದಲೇ ಜಗಳ ಶುರು ಮಾಡಿದಳು.

"ಹತ್ತಕ್ಕೆ ಹತ್ತು ಕೊಡೋರು ಯಾರಾದ್ರೂ ಇದ್ದಾರೇನೋ? ಹತ್ತು ಅಂದ್ರೆ ಇನ್ನೇನೂ ಬೇಡ ಅಂತ ಅರ್ಥ. ಬೇಡ ಅಂದೋರಿಗೆ ಯಾರು ಕೊಡ್ತಾರೆ?"

"ಆರೈಕೆ ನಂಬರಿಗೂ ಬರೋದಕ್ಕೂ ಸಂಬಂಧ ಇಲ್ವಂತೆ ಅಕ್ಕಾ. ನೋವಿನ ನಂಬರು ನೋಡ್ತಾರಂತೆ," ಎಂದ ಮಗ.

"ಎಲ್ಲಾ ನೋಡ್ತಾರೆ. ಹದಿನೆಂಟು ವರ್ಷ ನಾನೂ ಮಾರ್ಕ್ಸು ಕೊಟ್ಟಿದೀನಿ. ಕೊಡಿಲ್ಲಿ ಒಂದು ಹಾಳೆ."

"ಅತ್ತಿಗೆ, ದುಡುಕಬೇಡಿ," ಎಂದಳು ಸೊಸೆ. "ನಮ್ಮ ಕಾರ್ಖಾನೆಯಲ್ಲೂ ಹಿಂಗೇ. ಪೊಟ್ಟಣದ ತೂಕ ಸರಿ ಇದ್ರೆ ಆಯ್ತು, ಒಳಗೆ ಬಿಸ್ಕತ್ತೆಲ್ಲ ಪುಡಿಯಾಗಿದ್ರೂ ಪಾಸು. ತೂಕ ಕಮ್ಮಿ ಬಂದ್ರೆ ಮೊದಲು ಕರೆಯೋದು ಪ್ಯಾಕ್ ಮಾಡಿದ ಹುಡುಗಿಯನ್ನ. ಮಿಷನ್ ಕೆಟ್ಟಿದ್ರೂ ಅವಳದೇ ತಪ್ಪು."

"ಇದು ಬಿಸ್ಕತ್ತಲ್ಲಮ್ಮ, ನಮ್ಮಮ್ಮ."

"ನಾನೂ ಅದನ್ನೇ ಹೇಳ್ತಿರೋದು."

ಒಳಗಿನ ಕೋಣೆಯಿಂದ ಟೈಲರಮ್ಮನ ದನಿ ಬಂತು. ಸಣ್ಣದಾಗಿದ್ದರೂ ಹರಿತವಾಗಿತ್ತು. "ಸಾರು ಆರಿಹೋಗುತ್ತೆ, ತಿನ್ರೋ. ನನ್ನ ವಿಷಯಕ್ಕೆ ಜಗಳ ಆಡೋಕೆ ಆಮೇಲೆ ಬೇಕಾದಷ್ಟು ಟೈಮಿರುತ್ತೆ."

ಮಾಸ್ತರು ಮಾತ್ರ ತಟ್ಟೆಯ ಕಡೆ ನೋಡಿಕೊಂಡು ಮೀಸೆಯಡಿಯಲ್ಲಿ ನಕ್ಕರು.

ಮಗಳು ಕೈ ತೊಳೆದು ಬಂದು, ಹಾಳೆಯಲ್ಲಿ ಆರೈಕೆಗೆ ನಾಲ್ಕು ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು. ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ತಾನೇ ಅದನ್ನು ಆಸ್ಪತ್ರೆಗೆ ಕೊಟ್ಟಳು.

*

ಅದರ ಫಲ ಮಂಗಳವಾರವೇ ಬಂತು. ನರ್ಸು ಚಪ್ಪಲಿ ಬಿಡುವಾಗ ಮಾತಾಡಲಿಲ್ಲ. ನಾಡಿ ನೋಡಿದಳು, ಬೆನ್ನು ಒರೆಸಿದಳು, ಕಾಲಿಗೆ ಎಣ್ಣೆ ಹಚ್ಚಿದಳು.

"ಏನಾಯ್ತು ಮಗಾ? ಮುಖ ಇಸ್ತ್ರಿ ಮಾಡದ ಬಟ್ಟೆ ಥರ ಇದೆ," ಎಂದರು ಟೈಲರಮ್ಮ.

"ಏನಿಲ್ಲಮ್ಮ. ಆಫೀಸಲ್ಲಿ ಕರೆಸಿದ್ರು. ನಾಲ್ಕು ಯಾಕೆ ಬಂತು, ಬರೆದುಕೊಡು ಅಂದ್ರು."

ಬಿಸಿನೀರು ತಂದ ಸೊಸೆ ಬಾಗಿಲಲ್ಲೇ ನಿಂತಳು. ಟೈಲರಮ್ಮ ದಿಂಬಿನಿಂದ ತಲೆ ಎತ್ತಿದರು. "ನಾಲ್ಕು ಕೊಟ್ಟಿದ್ದು ಯಾರು?"

"ಅತ್ತಿಗೆ... ನಿಮ್ಮ ಒಳ್ಳೇದಕ್ಕೇ ಅಂತ..."

"ಫೋನು ಕೊಡು." ಫೋನಿನಲ್ಲಿ ಅವರು ಮಗಳಿಗೆ ಹೇಳಿದ್ದು ಎರಡೇ ಮಾತು. "ಲೇ, ನಿನ್ನ ಮದುವೆ ಉಡುಪು ಹೊಲಿದಾಗ ನಾನು ನಾಲ್ಕು ದಿನ ನಿದ್ದೆ ಮಾಡಿರ್ಲಿಲ್ಲ. ಅದಕ್ಕೆ ಎಷ್ಟು ಮಾರ್ಕ್ಸು ಕೊಡ್ತೀಯೋ ಈ ಹುಡುಗಿಗೂ ಅಷ್ಟು ಕೊಡು." ಆಮೇಲೆ ನರ್ಸಿನ ಕಡೆ ತಿರುಗಿ, ಅವಳು ಕೇಳುವ ಮೊದಲೇ, "ಒಂದು ಅಂತ ಬರ್ಕೋ. ಇವತ್ತು ಒಂದೇ," ಎಂದರು.

ನರ್ಸು ಅವರ ಹಣೆಯನ್ನೇ ನೋಡುತ್ತ ಕೂತಳು. ಹಣೆ ಬೆವರಿತ್ತು. "ನಿಜವಾಗ್ಲೂ ಒಂದಾ ಅಮ್ಮಾ?"

"ನಾನು ಅಳತೆ ತಪ್ಪಿ ಹೇಳಿದ್ದು ನೀನು ನೋಡಿದೀಯಾ?"

*

ಗುರುವಾರ ಸೊಸೆಗೆ ರಜೆ. ದಿಂಬಿನ ಕವರು ಒಗೆಯಲು ತೆಗೆದಾಗ ಅದರ ಅಂಚು ಅವಳ ಕಣ್ಣಿಗೆ ಬಿತ್ತು. ಒಂದು ಗೇಣಿನಷ್ಟು ಉದ್ದಕ್ಕೆ ಹೊಲಿಗೆ ಕಿತ್ತು, ಬಟ್ಟೆ ಜಗಿದು ನೂಲು ನೂಲಾಗಿತ್ತು. ಹಿಂದಿನ ವಾರದ ಕವರನ್ನು ಬುಟ್ಟಿಯಿಂದ ಹುಡುಕಿ ತೆಗೆದಳು. ಅದರದೂ ಅದೇ ಕತೆ. ಅವಳು ಎರಡನ್ನೂ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದಳು. ಗಂಡ ಬೆಳಗಿನ ಸರದಿ ಮುಗಿಸಿ ಆಗತಾನೇ ಬಂದು, ಮೇಜಿನ ತುದಿಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತಿದ್ದ.

"ನೋಡ್ರಿ ಇದನ್ನ."

"ಇಲಿ ಕಡಿದಿದೆ."

"ಇಲಿಗೆ ದಿಂಬು ಯಾಕೆ, ಬ್ರೆಡ್ಡು ಸಿಗ್ತಿರೋವಾಗ? ಇದು ನಿಮ್ಮಮ್ಮ. ನೋವಿಗೆ ಕಚ್ಚಿರೋದು. ಇಲ್ಲಿ ದಿಂಬು ತಿಂತಾರೆ, ಅಲ್ಲಿ ಒಂದು ಅಂತಾರೆ, ಎರಡು ಅಂತಾರೆ. ಎರಡಕ್ಕೆ ಯಾರಾದ್ರೂ ದಿಂಬು ಕಚ್ತಾರಾ?"

ಮಾಸ್ತರು ಸೂಜಿಗೆ ದಾರ ಪೋಣಿಸುತ್ತಿದ್ದವರು, ತಲೆ ಎತ್ತದೆ ಹೇಳಿದರು: "ಎರಡು ಅಂದ್ರೆ ಐದಲ್ವೇನಮ್ಮ."

ಇಬ್ಬರೂ ಅವರತ್ತ ತಿರುಗಿದರು.

"ಏನಂದ್ರಿ ಮಾವ?"

"ಎರಡು ಅಂತ ಕೂಗಿದ್ರೆ ಐದು. ಮೂರು ಕೂಡಿಸ್ಕೋಬೇಕು. ಆ ಹುಡುಗಿ ಬರ್ಕೊಳ್ಳೋವಾಗ ಕೂಡಿಸ್ಕೊಳ್ಳಲ್ವಾ?"

"ಯಾಕೆ ಕೂಡಿಸ್ಕೋಬೇಕು ಅಪ್ಪಾ?" ಎಂದ ಮಗ. ಬೆಣ್ಣೆಯ ಚಾಕು ಅವನ ಕೈಯಲ್ಲೇ ಉಳಿಯಿತು.

ಮಾಸ್ತರಿಗೆ ಆಶ್ಚರ್ಯವಾಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟರು. "ಇಷ್ಟು ವರ್ಷ ಈ ಮನೆಯಲ್ಲೇ ಬೆಳೆದು ನಿಂಗೆ ಗೊತ್ತಿಲ್ವೇನೋ? ಅಂಗಡೀಲಿ ನಾಲ್ಕು ಜನ ಕೂತಿರ್ತಿದ್ರು. ಹೆಂಗಸರ ಸೊಂಟ ಮೂವತ್ತೆಂಟು ಅಂತ ಎಲ್ಲರ ಮುಂದೆ ಕೂಗಿದ್ರೆ ಅವರಿಗೆ ಹೆಂಗಾಗಬೇಕು? ಅದಕ್ಕೆ ನಿಮ್ಮಮ್ಮ ಮೂವತ್ತೈದು ಅಂತ ಕೂಗೋಳು. ನಾನು ಬರ್ಕೊಳ್ಳೋವಾಗ ಮೂರು ಕೂಡಿಸ್ಕೊಳ್ತಿದ್ದೆ. ಗಿರಾಕಿ ಖುಷಿಯಾಗಿ ಹೋಗ್ತಿದ್ರು, ಬಟ್ಟೇನೂ ಸರಿಯಾಗಿ ಕೂರ್ತಿತ್ತು. ಕೂಗೋರು ಕಳೀಬೇಕು, ಬರೆಯೋರು ಕೂಡಿಸ್ಬೇಕು. ಅಷ್ಟೇ."

"ಮಾವ, ಆ ನರ್ಸಿಗೆ ಇದೆಲ್ಲ ಹೆಂಗೆ ಗೊತ್ತಿರುತ್ತೆ?"

"ದಿನಾ ಬರೆಯೋ ಹುಡುಗಿ. ಗೊತ್ತಿರುತ್ತೆ ಅಂದ್ಕೊಂಡೆ," ಎಂದರು ಮಾಸ್ತರು. ಅವರ ಮುಖ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಹಂಗಾದ್ರೆ ಇಷ್ಟು ದಿನ ಅವಳಿಗೆ ಎರಡರ ಔಷಧಿ ಕೊಟ್ಟಿದ್ದಾ?"

ಸೊಸೆ ಕವರುಗಳನ್ನು ಮೇಜಿನ ಮೇಲಿಟ್ಟು ಫೋನು ಹುಡುಕಿದಳು.

*

ಸೊಸೆ ಫೋನಿನಲ್ಲಿ ಎಲ್ಲವನ್ನೂ ನರ್ಸಿಗೆ ಹೇಳಿದಳು. ನರ್ಸು ಎರಡು ಸಲ ಹೇಳಿಸಿಕೊಂಡಳು.

"ಅಕ್ಕಾ, ನಂಗೆ ಅರ್ಥ ಆಯ್ತು. ಆದ್ರೆ ಏನು ಮಾಡಲಿ? ಕಾಯಿಲೆಯವರು ಬಾಯಿಬಿಟ್ಟು ಹೇಳಿದ್ದನ್ನೇ ಬರೀಬೇಕು. ಟೈಲರ್ ಲೆಕ್ಕ ಹಾಕಿ ಮೂರು ಕೂಡಿಸಿದೆ ಅಂದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

"ದಿಂಬಿನ ಕವರು ತೋರಿಸ್ತೀನಿ."

"ತೆಗೆದಿಟ್ಟಿರಿ. ಡಾಕ್ಟರಿಗೆ ಹೇಳ್ತೀನಿ. ಹೆಂಗೂ ನಾಲ್ಕು ಬಂದಿದ್ದಕ್ಕೆ ನಮ್ಮ ಮೇಲ್ವಿಚಾರಕಿ ನಾಳೆ ಶುಕ್ರವಾರ ನಿಮ್ಮನೆಗೇ ಬರ್ತಿದಾರೆ. ಅಷ್ಟರಲ್ಲಿ ಅಮ್ಮನ ಹತ್ರ ಮಾತಾಡಿ."

ಮಾತಾಡಲು ಹೋದ ಸೊಸೆಗೆ ಸಿಕ್ಕಿದ್ದು ಬೈಗುಳ.

"ಅಂಗಡಿ ಗುಟ್ಟನ್ನ ಬೀದಿಗೆ ತಂದ್ರಾ ಆ ಮನುಷ್ಯ? ಸೊಂಟ ಬೇರೆ, ನೋವು ಬೇರೆ. ಒಂದು ಅಂದ್ರೆ ಒಂದು."

"ಹಂಗಾದ್ರೆ ಈ ಕವರು?"

"ಹಲ್ಲು ಗಟ್ಟಿ ಇದೆಯಾ ಅಂತ ನೋಡ್ಕೊಂಡೆ."

ಸೊಸೆ ಮುಂದಿನ ಕೋಣೆಗೆ ಬಂದು ಮಾವನ ಮುಂದೆ ನಿಂತಳು. "ಅತ್ತೆ ಇಲ್ಲ ಅಂತಿದಾರೆ. ಯಾರನ್ನ ನಂಬೋದು ಹೇಳಿ? ನಾಳೆ ಬರೋರ ಮುಂದೆ ನೀವೇ ಹೇಳ್ಬೇಕು."

"ನಾನಾ? ಎಲ್ಲರ ಮುಂದಾ?" ಮಾಸ್ತರು ಕತ್ತರಿಯನ್ನು ಎತ್ತಿ ಇಟ್ಟರು, ಇಟ್ಟು ಎತ್ತಿದರು. "ಕೂಡಿಸಿದ್ದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲಮ್ಮ. ಬರ್ಕೋಬೇಕು ಅಷ್ಟೇ. ಹೇಳಿಬಿಟ್ರೆ ಅವಳು ಕಳೆದಿದ್ದು ಯಾತಕ್ಕೆ ಬಂತು?"

*

ಮೇಲ್ವಿಚಾರಕಿ ಐವತ್ತು ದಾಟಿದ ಹೆಂಗಸು. ಕನ್ನಡಕ, ದಪ್ಪ ಕಡತ, ಗಟ್ಟಿ ದನಿ. ಮಗ ಬಸ್ಸಿನ ಸರದಿ ಬದಲಾಯಿಸಿಕೊಂಡು ಮನೆಯಲ್ಲಿದ್ದ. ಮಗಳೂ ಶಾಲೆಗೆ ರಜೆ ಹಾಕಿ ಬಂದು, ಅಮ್ಮ ಇನ್ನೂ ಮಾತಾಡಿಸದ ಕಾರಣ ಬಾಗಿಲಿಗೆ ಒರಗಿ ನಿಂತಿದ್ದಳು. ಮಾಸ್ತರನ್ನು ಸೊಸೆ ಕೈಹಿಡಿದು ತಂದು ಮಂಚದ ಕಾಲ ಬಳಿ ಕುರ್ಚಿಯಲ್ಲಿ ಕೂರಿಸಿದಳು. ನರ್ಸು ಗೋಡೆಗೆ ಅಂಟಿಕೊಂಡಿದ್ದಳು.

"ಒಂದು ಹಾಳೆಯಲ್ಲಿ ಆರೈಕೆಗೆ ಹತ್ತು, ಇನ್ನೊಂದರಲ್ಲಿ ನಾಲ್ಕು. ನೋವು ನೋಡಿದ್ರೆ ಒಂದು," ಎಂದರು ಮೇಲ್ವಿಚಾರಕಿ. "ಇಪ್ಪತ್ತು ವರ್ಷದಿಂದ ಹಾಳೆ ಓದ್ತಿದೀನಿ. ಇಂಥ ಮನೆ ನೋಡಿರಲಿಲ್ಲ. ಅಮ್ಮಾ, ಈಗ ಈ ಕ್ಷಣ ನೋವು ಎಷ್ಟಿದೆ?"

ಟೈಲರಮ್ಮ ತಲೆ ಬಾಚಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಗಿರಾಕಿಗೆ ಕಾಯುವವರ ಹಾಗೆ ಕೂತಿದ್ದರು. ಎರಡು ಕೈಗಳೂ ಹೊದಿಕೆಯ ಕೆಳಗಿದ್ದವು.

"ಮೂರು," ಎಂದರು. "ದೊಡ್ಡೋರು ಬಂದಿದೀರಿ ಅಂತ ಒಂದೆರಡು ಜಾಸ್ತಿ ಹೇಳಿದೀನಿ."

ಮೇಲ್ವಿಚಾರಕಿ ನಕ್ಕು ಪೆನ್ನು ಎತ್ತಿದರು. ಸೊಸೆ ಮಾವನನ್ನು ನೋಡಿದಳು. ಮಗ ಅಪ್ಪನನ್ನು ನೋಡಿದ. ಮಾಸ್ತರು ಹೆಂಡತಿಯ ಕಡೆ ನೋಡುತ್ತಿದ್ದರು. ಮುಖವನ್ನಲ್ಲ, ಹೊದಿಕೆಯ ಕೆಳಗೆ ಮುಷ್ಟಿಯಾಗಿದ್ದ ಕೈಗಳ ಉಬ್ಬನ್ನು.

"ಎಂಟು," ಎಂದರು ಮಾಸ್ತರು.

ಮೇಲ್ವಿಚಾರಕಿಯ ಪೆನ್ನು ಹಾಳೆಯ ಮೇಲೇ ನಿಂತಿತು.

"ಏನಂದ್ರಿ ಯಜಮಾನ್ರೇ?"

"ಎಂಟು. ಮೂರಲ್ಲ. ನಲವತ್ತಾರು ವರ್ಷ ಅವಳ ದನಿ ಕೇಳಿ ಬರ್ಕೊಂಡಿದೀನಿ. ಈ ದನಿಗೆ ಐದು ಕೂಡಿಸ್ಬೇಕು."

ಟೈಲರಮ್ಮನ ಮುಖ ಕೆಂಪಾಯಿತು. "ಗಿರಾಕಿ ಮುಂದೆ ಹೇಳಿಬಿಟ್ರಲ್ಲ ರೀ. ಗಿರಾಕಿ ಮುಂದೆ! ನಾನು ಎಂಟು ಅಂದ್ರೆ ಏನರ್ಥ? ಈ ಹುಡುಗಿ ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅಲ್ವಾ? ಬಟ್ಟೆ ಬಿಗಿಯಾದ್ರೆ ಯಾರನ್ನ ಬೈತಾರೆ? ಹೊಲಿದೋರನ್ನ. ಇವಳು ನನ್ನ ಬೆನ್ನೊರೆಸಿ ಹೋಗ್ತಾಳೆ, ನಾನು ಅವಳ ಹೊಟ್ಟೆ ಮೇಲೆ ಹೊಡೀಲಾ?"

ನರ್ಸು ಗೋಡೆ ಬಿಟ್ಟು ಮುಂದೆ ಬಂದಳು. "ಅಯ್ಯೋ ಅಮ್ಮಾ, ಅದು ನನ್ನ ಮಾರ್ಕ್ಸಲ್ಲ. ನೀವು ಕಮ್ಮಿ ಹೇಳಿದ್ದಕ್ಕೇ ನಂಗೆ ಇಲ್ಲಿಗೆ ಬರೋದು ತಪ್ಪಿಹೋಯ್ತಲ್ಲ!"

"ಹಂಗಂತ ಯಾರಾದ್ರೂ ಹೇಳಿದ್ರಾ ನಂಗೆ?"

ಹೌದು, ಯಾರೂ ಹೇಳಿರಲಿಲ್ಲ. ಎಲ್ಲರೂ ಅಂಕಿ ಕೇಳಿದ್ದರು. ಅಂಕಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿದ್ದು ಯಾರು ಎಂಬುದು ಯಾರಿಗೂ ತಿಳಿದಿರಲಿಲ್ಲ. ಸೊಸೆ ದಿಂಬಿನ ಕವರುಗಳನ್ನು ತಂದು ಮೇಲ್ವಿಚಾರಕಿಯ ತೊಡೆಯ ಮೇಲಿಟ್ಟಳು. ಆಕೆ ಜಗಿದ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದರು. ನಂತರ ಕಡತ ತೆರೆದು, ನೋವಿನ ಸಾಲಿನಲ್ಲಿ ಮೂರಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ಕೈಬರಹದಲ್ಲಿ, "ಗಂಡನ ಪ್ರಕಾರ 8," ಎಂದು ಬರೆದರು.

"ಇದರಲ್ಲಿ ಯಾವುದನ್ನ ಲೆಕ್ಕಕ್ಕೆ ತಗೋತೀರಿ?" ಎಂದಳು ಮಗಳು.

"ಅದೇ ಗೊತ್ತಾಗ್ತಿಲ್ಲ," ಎಂದರು ಮೇಲ್ವಿಚಾರಕಿ. ಕನ್ನಡಕ ತೆಗೆದು ಒರೆಸಿಕೊಂಡರು. "ಸದ್ಯಕ್ಕೆ ಡಾಕ್ಟರಿಗೆ ಫೋನು ಮಾಡ್ತೀನಿ. ನರ್ಸು ವಾರಕ್ಕೆ ಮೂರು ದಿನ ಬರ್ತಾಳೆ. ಯಜಮಾನ್ರೇ, ನೀವೂ ಪ್ರತಿ ಸಲ ಇಲ್ಲೇ ಕೂತಿರಿ."

*

ಆ ಸಂಜೆಯಿಂದ ಮಾತ್ರೆಯ ಪ್ರಮಾಣ ಏರಿತು. ದಿಂಬಿನ ಅಂಚುಗಳು ಉಳಿದವು. ಆದರೆ ಟೈಲರಮ್ಮ ಗಂಡನೊಂದಿಗೆ ಮಾತು ಬಿಟ್ಟರು. ಅವರು ತಂದ ಹಾಲು ಮುಟ್ಟುತ್ತಿರಲಿಲ್ಲ. ಅದೇ ಲೋಟವನ್ನು ಸೊಸೆ ಅಡಿಗೆಮನೆಯವರೆಗೆ ಒಯ್ದು ವಾಪಸು ತಂದರೆ ಕುಡಿಯುತ್ತಿದ್ದರು.

"ನಿಮ್ಮ ಕೈ ಹಾಲು ಕಹಿಯಂತೆ ಮಾವ."

"ಕಹಿ ಇರಬಹುದು," ಎನ್ನುತ್ತಿದ್ದರು ಮಾಸ್ತರು.

ಮನೆಯ ಕೆಲಸಗಳು ಹೊಸದಾಗಿ ಹಂಚಿಹೋದವು. ಮಗ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅಮ್ಮನ ಹಾಸಿಗೆ ಬದಲಿಸುತ್ತಿದ್ದ. ಮೊದಲ ದಿನ ಹಾಸಿನ ಜೊತೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಮಡಚಿದ್ದನ್ನು ಹೆಂಡತಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಮಗಳು ಮಂಗಳವಾರವೂ ಬರತೊಡಗಿದಳು. ನರ್ಸಿನ ಮುಖ ನೋಡಲಾರದೆ, ಅವಳು ಬರುವ ಹೊತ್ತಿಗೆ ಸರಿಯಾಗಿ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಒಂದು ದಿನ ನರ್ಸೇ ಬೀದಿಯಲ್ಲಿ ಅಡ್ಡ ನಿಂತು, "ಟೀಚರೇ, ನಾಲ್ಕು ಕೊಟ್ಟಿದ್ದಕ್ಕೇ ಆ ಮೇಡಂ ಬಂದಿದ್ದು. ಹತ್ತು ಕೊಟ್ಟಿದ್ರೆ ಬರ್ತಿರ್ಲಿಲ್ಲ," ಎಂದಳು. ತಾನು ಮಾಡಿದ್ದು ತಪ್ಪೋ ಸರಿಯೋ ಎಂದು ಮಗಳಿಗೆ ಆಮೇಲೂ ಗೊತ್ತಾಗಲಿಲ್ಲ. ಕೊಂಡ ತರಕಾರಿಯನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬಂದಳು.

ಮಾತು ಬಿಟ್ಟ ಆರನೆಯ ದಿನ ಟೈಲರಮ್ಮ ಕೂಗಿದರು. "ರೀ. ಟೇಪು ತಗೊಂಡು ಬನ್ನಿ. ಈ ಅಂಗಿ ಚೀಲದ ಥರ ನೇತಾಡ್ತಿದೆ."

ಮಾಸ್ತರು ಓಡಿಬಂದರು. ಸೊಸೆ ಬೆನ್ನಿಗೆ ಕೈಕೊಟ್ಟು ಅತ್ತೆಯನ್ನು ಕೂರಿಸಿದಳು. ಮಾಸ್ತರು ಎದೆಯ ಸುತ್ತ ಟೇಪು ತಂದು, ಬಗ್ಗಿ, ಅಂಕಿ ನೋಡಿದರು. ಅಳತೆ ತೆಗೆಯುವುದು ಅವರ ಕೆಲಸವಾಗಿರಲಿಲ್ಲ; ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಎಷ್ಟು?"

"ಮೂವತ್ತನಾಲ್ಕು," ಎಂದರು ಮಾಸ್ತರು.

"ಸುಳ್ಳು. ಇಪ್ಪತ್ತೆಂಟೂ ಇಲ್ಲ."

"ಮೂವತ್ತನಾಲ್ಕೇ ಇದೆ ಕಣೇ. ಟೇಪು ಹೇಳ್ತಿದೆ."

"ಟೇಪು ಹೇಳಲ್ಲ, ಮನುಷ್ಯರು ಹೇಳೋದು." ಟೈಲರಮ್ಮ ನಗಲು ಹೋಗಿ ಕೆಮ್ಮಿದರು. ಉಸಿರು ಬಂದ ಮೇಲೆ, "ನೀವು ಕೂಡಿಸ್ತೀರಿ ಅಂತ ಗೊತ್ತಾದ ಮೇಲೆ ನಾನು ಇನ್ನೂ ಕಮ್ಮಿ ಕೂಗ್ತಿದೀನಿ, ಗೊತ್ತಾ?" ಎಂದರು.

"ಗೊತ್ತು. ಅದಕ್ಕೇ ನಾನೂ ಜಾಸ್ತಿ ಕೂಡಿಸ್ತಿದೀನಿ."

"ಮೊನ್ನೆ ಎಷ್ಟು ಕೂಡಿಸಿದ್ರಿ?"

"ನೀನು ಒಂದು ಅಂದೆ. ಆರು ಅಂತ ಬರೆಸಿದೆ."

"ಅಯ್ಯೋ, ಮೊನ್ನೆ ನಿಜವಾಗ್ಲೂ ಒಂದೇ ಇತ್ತಲ್ರೀ! ಅದಕ್ಕೇ ನೆನ್ನೆಯೆಲ್ಲ ಬಾಯಿ ತೆರ್ಕೊಂಡು ಮಲಗಿದ್ದಾ ನಾನು?"

ಮಾಸ್ತರು ಟೇಪು ಹಿಡಿದೇ ನಿಂತುಬಿಟ್ಟರು. ಸೊಸೆ ಹಣೆ ಹಣೆ ಚಚ್ಚಿಕೊಂಡಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ. ನೀವೂ ಕಳೀಬೇಡಿ, ಇವರೂ ಕೂಡಿಸೋದು ಬೇಡ."

"ಪ್ರಯತ್ನ ಮಾಡ್ತೀನಿ ಕಣೆ," ಎಂದರು ಟೈಲರಮ್ಮ. "ಆದ್ರೆ ಬಾಯಿಗೆ ಅಭ್ಯಾಸ ಆಗಿಹೋಗಿದೆ. ಕೂಗೋ ಹೊತ್ತಿಗೆ ತಾನಾಗೇ ಕಳೆದಿರುತ್ತೆ. ಎಷ್ಟು ಕಳೀತು ಅಂತ ಒಂದೊಂದು ಸಲ ನಂಗೇ ಗೊತ್ತಾಗಲ್ಲ."

ಅಂಗಿಯನ್ನು ಮಾಸ್ತರು ಅಂದೇ ಚಿಕ್ಕದು ಮಾಡಿದರು. ಅದು ಸರಿಯಾಗಿ ಕೂತಿತು, ಮೂವತ್ತನಾಲ್ಕಕ್ಕಂತೂ ಹೊಲಿದಿರಲಿಲ್ಲ.

*

ಇನ್ನೂ ಮೂರು ವಾರ ಕಳೆದವು. ಅನ್ನ ಹೋಗಿ ಸೂಪಾಯಿತು, ಸೂಪು ಹೋಗಿ ಚಮಚದಲ್ಲಿ ನೀರಾಯಿತು. ಒಂದು ಶುಕ್ರವಾರ ಬೆಳಿಗ್ಗೆ ನರ್ಸು ಬಂದಾಗ ಟೈಲರಮ್ಮ ಕಣ್ಣು ತೆರೆದಿದ್ದರು. ಹಣೆ ಒಣಗಿತ್ತು. ಕೈಗಳು ಹೊದಿಕೆಯ ಮೇಲೆ ಬಿಚ್ಚಿಕೊಂಡಿದ್ದವು.

"ಅಮ್ಮಾ, ಕೇಳಿಸ್ತಿದೆಯಾ? ನೋವು ಎಷ್ಟು?"

ಟೈಲರಮ್ಮ ನರ್ಸಿನತ್ತ ನೋಡಲಿಲ್ಲ. ಮಂಚದ ಕಾಲ ಬಳಿ ಕೂತಿದ್ದ ಗಂಡನನ್ನು ನೋಡಿ, ತುಟಿಯಲ್ಲೇ, "ಸೊನ್ನೆ," ಎಂದರು.

ನರ್ಸು ತಿರುಗಿದಳು. "ಮಾಸ್ತರೇ?"

ಮಾಸ್ತರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಕೇಳು."

"ಅಮ್ಮಾ, ಎಷ್ಟು?"

"ಸೊನ್ನೆ." ಈ ಸಲ ದನಿ ಇತ್ತು. ತುಟಿಯ ಒಂದು ಕೊನೆಯಲ್ಲಿ ನಗೆಯ ಹಾಗೆ ಏನೋ ಇತ್ತು, ಅಥವಾ ತುಟಿ ಒಣಗಿ ಹಾಗೆ ಕಾಣುತ್ತಿತ್ತು.

ಮಾಸ್ತರು ತಲೆ ಕೆರೆದುಕೊಂಡರು. ನರ್ಸು ನಾಡಿ ನೋಡಿದಳು, ಉಸಿರು ಎಣಿಸಿದಳು, ಹುಬ್ಬಿನ ಮೇಲೆ ಬೆರಳಾಡಿಸಿ ಗಂಟಿಲ್ಲವೆಂದು ನೋಡಿದಳು. ಸೊನ್ನೆಗೆ ಸುತ್ತು ಹಾಕಿ, ಅಂಚಿನ ಜಾಗವನ್ನು ಖಾಲಿ ಬಿಟ್ಟಳು.

ಮರುದಿನ ಮಧ್ಯಾಹ್ನ, ಸೊಸೆ ಹಿತ್ತಲಲ್ಲಿ ಹಾಸು ಹಿಂಡುತ್ತಿದ್ದಾಗ, ಮಗ ಮೂರನೆಯ ಸುತ್ತಿಗೆ ಬಸ್ಸು ತಿರುಗಿಸುತ್ತಿದ್ದಾಗ, ಟೈಲರಮ್ಮ ತೀರಿಕೊಂಡರು. ಮಾಸ್ತರು ಪಕ್ಕದಲ್ಲಿದ್ದರು. ಅವರು ಯಾರನ್ನೂ ಕೂಗಲಿಲ್ಲ. ಸೊಸೆ ಒಳಗೆ ಬಂದು ನೋಡಿದಾಗ ಹೆಂಡತಿಯ ತೋಳಿನ ಅಂಚಿನಲ್ಲಿ ಬಿಚ್ಚಿದ್ದ ಒಂದು ಹೊಲಿಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಕೂತಿದ್ದರು.

*

ತಿಂಗಳಾದ ಮೇಲೆ ಆಸ್ಪತ್ರೆಯಿಂದ ಇನ್ನೊಂದು ಹಾಳೆ ಬಂತು. ಬಣ್ಣ ಬಿಳಿ. ಎರಡೇ ಪ್ರಶ್ನೆ. ಇದನ್ನು ಮನೆಯವರು ತುಂಬಬೇಕು, ಮುಂದಿನ ಮನೆಗಳಿಗೆ ಉಪಯೋಗವಾಗುತ್ತದೆ ಎಂದು ಮೇಲೆ ಬರೆದಿತ್ತು. ಈ ಸಲ ಸೊಸೆ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲು ಓದಿದಳು.

ಭಾನುವಾರ ಊಟವಾದ ಮೇಲೆ ನಾಲ್ವರೂ ಕತ್ತರಿಸುವ ಮೇಜಿನ ಸುತ್ತ ಕೂತರು.

"ಒಂದನೇದು, ಒಟ್ಟಾರೆ ಆರೈಕೆಗೆ ಹತ್ತರಲ್ಲಿ ಎಷ್ಟು," ಎಂದು ಮಗಳು ಓದಿದಳು. ಓದಿ, ಹಾಳೆಯನ್ನು ತಮ್ಮನ ಕಡೆ ತಳ್ಳಿದಳು. "ನಾನು ಬರೆಯಲ್ಲಪ್ಪ."

"ನಾನೂ ಬರೆಯಲ್ಲ. ಬರೆದಿದ್ದು ಸಾಕಾಗಿದೆ," ಎಂದು ಅವನು ಹೆಂಡತಿಯ ಕಡೆ ತಳ್ಳಿದ.

ಅವಳು ಅದನ್ನು ಮಾವನ ಮುಂದಿಟ್ಟಳು. "ಈ ಮನೆಯಲ್ಲಿ ಬರೆಯೋರು ಅಂದ್ರೆ ನೀವೇ ಮಾವ."

ಮಾಸ್ತರು ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ತುದಿಯನ್ನು ನಾಲಿಗೆಗೆ ತಾಗಿಸಿ, ಹದಿಮೂರು ಎಂದು ಬರೆದರು.

"ಅಪ್ಪಾ, ಹತ್ತರೊಳಗೆ ಬರೀಬೇಕು," ಎಂದಳು ಮಗಳು.

"ಹತ್ತು ನಿಮ್ಮಮ್ಮ ಕೂಗಿದ್ದು. ಮೂರು ನಾನು ಕೂಡಿಸಿದ್ದು. ಆ ಹುಡುಗಿಗೆ ಬಟ್ಟೆ ಬಿಗಿಯಾಗಬಾರದು."

ಮಗ ನಕ್ಕ. ಮಗಳು ಅಳಿಸಲು ರಬ್ಬರು ಹುಡುಕಿದವಳು, ಸಿಕ್ಕಿದ ಮೇಲೆ ಅದನ್ನು ಮುಷ್ಟಿಯಲ್ಲೇ ಇಟ್ಟುಕೊಂಡಳು.

"ಎರಡನೇದು," ಎಂದಳು ಸೊಸೆ. ಅವಳ ದನಿ ತಗ್ಗಿತು. "ಕೊನೆಯ ದಿನಗಳಲ್ಲಿ ಅವರಿಗೆ ನೋವು ಎಷ್ಟಿತ್ತು ಅಂತ ಕೇಳಿದಾರೆ."

"ಸೊನ್ನೆ ಅಂದಿದ್ರಲ್ಲ ಅಮ್ಮ," ಎಂದ ಮಗ. "ಹಣ್ಣೆಲೆ ಉದುರಿದ ಹಾಗೆ ಹೋದ್ರು. ಸೊನ್ನೆಯೇ ಇರ್ಬೇಕು."

"ಮೂರಾದ್ರೂ ಇದ್ದೇ ಇರುತ್ತೆ ಕಣೋ," ಎಂದಳು ಮಗಳು. "ಅಮ್ಮ ಯಾವತ್ತು ಇದ್ದದ್ದು ಇದ್ದ ಹಾಗೆ ಹೇಳಿದಾಳೆ?"

"ಅತ್ತೆ ಕೊನೆಗೆ ಕಳೀತಾ ಇದ್ದಿದ್ದು ಐದೈದು," ಎಂದಳು ಸೊಸೆ. "ಮಾವ, ನೀವು ಹೇಳಿ. ಆ ದಿನ ನೀವು ಎದುರಿಗೇ ಇದ್ರಿ. ದನಿ ಕೇಳಿದ್ರಿ. ಎಷ್ಟು ಕೂಡಿಸ್ಬೇಕು?"

ಮಾಸ್ತರು ಚೌಕದ ಎಡಕ್ಕೆ ಒತ್ತಿ, ಗುಂಡಗೆ ಒಂದು ಸೊನ್ನೆ ಬರೆದರು. ಅಂಗಡಿಯ ಚೀಟಿಗಳಲ್ಲಿ ಅವರು ಹಾಗೇ ಬರೆಯುತ್ತಿದ್ದದ್ದು: ಕೂಗಿದ್ದು ಎಡಕ್ಕೆ, ಕೂಡಿಸಿದ್ದು ಬಲಕ್ಕೆ.

"ನಲವತ್ತಾರು ವರ್ಷದಲ್ಲಿ," ಎಂದರು, "ಸೊನ್ನೆ ಅಂತ ಅವಳು ಯಾವತ್ತೂ ಕೂಗಿರ್ಲಿಲ್ಲ."

ಪೆನ್ಸಿಲಿನ ತುದಿ ಚೌಕದ ಬಲಭಾಗದ ಖಾಲಿ ಜಾಗದ ಮೇಲೆ ನಿಂತಿತು. ಮೂವರೂ ಕಾದರು. ಹೊರಗೆ ಬಸ್ಸೊಂದು ಬಂದು ನಿಂತು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ಮಾಸ್ತರು ತಲೆಯನ್ನು ಒಂದು ಕಡೆಗೆ ವಾಲಿಸಿ ಒಳಗಿನ ಕೋಣೆಯ ಕಡೆ ಕಿವಿಕೊಟ್ಟು ಕೂತೇ ಇದ್ದರು.